ಹೆಣ ನಗಬೇಕು

"ಒಮ್ಮೆ ನಗಾಡಿ ಅಂಕಲ್, ಹತ್ತು ಸೆಕೆಂಡು ಸಾಕು," ಎಂದಳು ಪ್ರಾಪ್ತಿ.

ಹೆಣ ನಗಲಿಲ್ಲ.

ಚಾಪೆಯ ಮೇಲೆ ಎದ್ದು ಕೂತಿದ್ದ ಚನಿಯ ಕ್ಯಾಮರಾ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ನೋಡಿದ. ಗಲ್ಲಕ್ಕೆ ಬಿಳಿ ಪಟ್ಟಿ, ಮೂಗಿನ ಹೊಳ್ಳೆಗಳಲ್ಲಿ ಹತ್ತಿ. ಉಳ್ಳಾಲದ ಕಡಲ ಬದಿಯ ಆ ಹಂಚಿನ ಮನೆಯಲ್ಲಿ ಬೆಳಿಗ್ಗೆಯಿಂದ ಸತ್ತು ಮಲಗಿದ್ದ. ಮಧ್ಯಾಹ್ನಕ್ಕೆ ಅವನ ಕೆಲಸವೆಲ್ಲ ಮುಗಿದಿತ್ತು. ಬಾಕಿ ಇದ್ದದ್ದು ನಗು ಮಾತ್ರ.

ಪ್ರಾಪ್ತಿ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಅವನ ಫ್ಲ್ಯಾಟಿನ ಕೆಳಗಿನ ಮನೆಯ ಹುಡುಗಿ. ಕಾಲೇಜಿಗೆಂದು ಕಿರುಚಿತ್ರ ಮಾಡುತ್ತಿದ್ದಳು. ಕಥೆ ಇಷ್ಟೇ. ಹೆಂಡತಿಯನ್ನು ಕೊಂಡುಹೋಗಲು ಸಾವು ಬರುತ್ತದೆ. ಗಂಡ ಅವಳ ಜಾಗದಲ್ಲಿ ಮಲಗುತ್ತಾನೆ. ಬಂದ ಸಾವು ಅವನನ್ನೇ ಕೊಂಡುಹೋಗುತ್ತದೆ.

"ಇದು ಹುಡುಗಾಟಿಕೆ ಅಲ್ಲ ಚನಿಯಣ್ಣ," ಎಂದ ಮೇಕಪ್ಪಿನ ದೀಪೇಶ್. ನಾಟಕದವರಿಗೆ ಬಣ್ಣ ಹಚ್ಚುತ್ತಲೇ ತಲೆ ನರೆಸಿಕೊಂಡವನು. "ನಾಟಕದಲ್ಲಿಯೂ ಹೀಗೆಯೇ, ಬೇಕಾದರೆ ನಿಮ್ಮ ಮುದ್ದಕ್ಕನನ್ನೇ ಕೇಳಿ. ಹೆಣ ಆದವ ಎದ್ದು ನಗಬೇಕು. ಫಿಲ್ಮಿನಲ್ಲಾದರೆ ಕ್ಯಾಮರಾದ ಎದುರೇ ನಗಬೇಕು. ಇಲ್ಲದಿದ್ರೆ ಕೊಂಡುಹೋಗಲಿಕ್ಕೆ ಬಂದವನಿಗೆ ಎಂತ ಗೊತ್ತಾಗ್ತದೆ, ನಿಜ ಯಾವುದು ವೇಷ ಯಾವುದು ಅಂತ? ಅವ ಬರಿಗೈಯಲ್ಲಿ ಹೋಗುವವ ಅಲ್ಲ."

ಇದೇ ಮಾತನ್ನು ಚನಿಯ ವಾರದ ಹಿಂದೆಯೂ ಅವನ ಬಾಯಿಂದ ಕೇಳಿದ್ದ. ಕೇಳಿದ ಮೇಲೆಯೇ ಈ ಪಾತ್ರಕ್ಕೆ ಒಪ್ಪಿದ್ದ.

ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನಿಗೆ ತನ್ನವಳೆಂದು ಇದ್ದದ್ದು ಹೆಂಡತಿ ಮುದ್ದು ಒಬ್ಬಳೇ. ಮಕ್ಕಳಿಲ್ಲ. ಹದಿನೈದು ವರ್ಷ ತುಳು ನಾಟಕಗಳಲ್ಲಿ ಜನರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದವಳು ಈಗ ಪೇಟೆಯ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಮಲಗಿದ್ದಳು. ಇನ್ನು ಹೆಚ್ಚು ದಿನ ಇಲ್ಲ ಎಂದಿದ್ದರು ಡಾಕ್ಟರು. ಒಂದೂವರೆ ತಿಂಗಳಿನಿಂದ ಚನಿಯ ಗಂಜಿ ಬೇಯಿಸಿ, ಅಭ್ಯಾಸಬಲದಿಂದ ಎರಡು ಬಟ್ಟಲು ಇಟ್ಟು, ಒಂದನ್ನು ಮತ್ತೆ ಕಪಾಟಿಗೆ ಸೇರಿಸುತ್ತಿದ್ದ. ಆ ಬಟ್ಟಲಿನ ಸದ್ದು ಅವನಿಗೆ ಸಾಕುಸಾಕಾಗಿತ್ತು. ಬಂದವನಿಗೆ ಒಂದು ಜೀವ ಬೇಕು ತಾನೆ? ತನ್ನದೇ ಹೋಗಲಿ, ಅವಳು ಎದ್ದು ಮನೆಗೆ ಬರಲಿ. ಆಮೇಲೆ ಆ ಎರಡನೆಯ ಬಟ್ಟಲನ್ನು ಕಪಾಟಿಗೆ ಇಡಬೇಕಾದವಳು ಅವಳು ಎಂಬುದು ಅವನಿಗೆ ಹೊಳೆಯಲಿಲ್ಲ. ಗಂಡಸರ ಬುದ್ಧಿ ಓಡುವುದೇ ಅಷ್ಟು ದೂರ.

ಬೆಳಿಗ್ಗೆ ಅವಳು ಕೇಳಿದ್ದಳು, "ಎಂತ ಪಾರ್ಟು ನಿಮಗೆ?"

"ಅಂಗಡಿಯವನದ್ದು," ಎಂದು ಕಿವಿ ತುರಿಸಿಕೊಂಡಿದ್ದ.

ಮುದ್ದು ಅವನ ಕಿವಿಯನ್ನೇ ನೋಡಿ, "ಒಳ್ಳೇದಾಯ್ತು," ಎಂದಿದ್ದಳು.

ಹಂಚಿನ ಮನೆಯ ಬಾಗಿಲಲ್ಲಿ ಬಿಳಿ ಅಂಗಿಯ ಒಬ್ಬ ಬೆಳಿಗ್ಗೆಯಿಂದ ನಿಂತಿದ್ದ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದ. ಸಾವಿನ ಪಾತ್ರದವನಿರಬೇಕು ಎಂದುಕೊಂಡ ಚನಿಯ. ಚಾ ಕುಡಿಯಲಿಕ್ಕೂ ಅವನನ್ನು ಯಾರೂ ಕರೆದಿರಲಿಲ್ಲ. ಪಾಪ ಅನಿಸಿತು.

ಅಷ್ಟರಲ್ಲಿ ಪ್ರಾಪ್ತಿಗೆ ಫೋನ್ ಬಂತು. ಜಗಲಿಗೆ ಹೋಗಿ ಮಾತಾಡಿ ಬಂದವಳು, "ಆಯ್ತು ಬಿಡಿ ಅಂಕಲ್. ನಗುವುದು ಬೇಡ," ಎಂದಳು. ಚನಿಯನ ಎದೆ ಹಗುರವಾಯಿತು. ಅಂತೂ ಗೆದ್ದೆ ಎಂದುಕೊಂಡ.

ಆಗ ಅವನ ಫೋನ್ ಹೊಡೆದುಕೊಂಡಿತು. ಮುದ್ದುವಿನ ವಿಡಿಯೋ ಕಾಲ್. ಗಡಬಡಿಸಿ ಗಲ್ಲದ ಪಟ್ಟಿ ಕಿತ್ತು ಎತ್ತಿಕೊಂಡ. ನರ್ಸ್ ಡುಲ್ಸಿನ್ ಫೋನ್ ಹಿಡಿದಿದ್ದಳು. ದಿಂಬಿನ ಮೇಲೆ ಮುದ್ದುವಿನ ಸೊರಗಿದ ಮುಖ.

"ಎಲ್ಲಿದ್ದೀರಿ?"

"ಇಲ್ಲೇ. ಅಂಗಡಿಯಲ್ಲಿ."

"ಮತ್ತೆ ಮೂಗಿಗೆ ಹತ್ತಿ ಯಾಕೆ ಮಾರಾಯ್ರೆ? ಒಣಮೀನಿನ ಅಂಗಡಿಯಾ?"

ಚನಿಯ ತುಟಿ ಕಚ್ಚಿ ನಗು ತಡೆದುಕೊಂಡ. ಮುದ್ದು ಬಿಡಲಿಲ್ಲ. ಸೂಜಿ ಚುಚ್ಚಿದ್ದ ಕೈಯನ್ನು ಕಷ್ಟದಲ್ಲಿ ಎತ್ತಿ, ಎರಡು ಬೆರಳಲ್ಲಿ ಮೂಗು ಮುಚ್ಚಿ, ಕಣ್ಣುಗುಡ್ಡೆ ಮೇಲೆ ಮಾಡಿದಳು. ನಲವತ್ತು ವರ್ಷದ ಹಿಂದೆ ಮೊದಲ ಸಾಲಿನಲ್ಲಿ ಕೂತಿದ್ದ ಅವನನ್ನು ಕುರ್ಚಿಯಿಂದ ಕೆಳಗೆ ಬೀಳಿಸಿದ್ದು ಅದೇ ಮುಖ. ಅವನು ನಕ್ಕುಬಿಟ್ಟ. ಹತ್ತಿ ಹಾರಿ ಬೀಳುವಷ್ಟು ನಕ್ಕ.

ಮುದ್ದು ಆ ನಗುವನ್ನು ಕಣ್ತುಂಬ ನೋಡಿದಳು. "ಸರಿ ಊಟ ಮಾಡಿ ಆಯ್ತಾ. ಇಡ್ತೇನೆ," ಎಂದಳು.

"ಸಿಕ್ಕಿತು!" ಎಂದು ಪ್ರಾಪ್ತಿ ಚಪ್ಪಾಳೆ ತಟ್ಟಿದಳು. ಕ್ಯಾಮರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಚನಿಯ ಬಾಗಿಲ ಕಡೆ ತಿರುಗಿದ. ಬಿಳಿ ಅಂಗಿಯವ ಚಪ್ಪಲಿಯನ್ನು ನೆಲಕ್ಕೆ ಹಾಕಿ, ಒಂದೊಂದೇ ಕಾಲು ತೂರಿಸಿ, ಪೇಟೆಯ ದಾರಿ ಹಿಡಿದು ನಡೆದ.

"ಆ ಸಾವಿನ ಪಾರ್ಟಿನವ ಎಲ್ಲಿಗೆ ಹೊರಟದ್ದು?"

"ಯಾರು ಅಂಕಲ್? ಸಾವಿನ ಪಾರ್ಟಿಗೆ ನಮ್ಮಲ್ಲಿ ಜನವೇ ಇಲ್ಲ. ಅದು ಬರೇ ವಾಯ್ಸ್."

ಮುಖದ ಬಣ್ಣ ತೊಳೆಯದೆ ಚನಿಯ ಓಡಿದ. ರಿಕ್ಷಾ ನೇತ್ರಾವತಿ ಸೇತುವೆಯ ಮೇಲೆ ಲಾರಿಗಳ ನಡುವೆ ಸಿಕ್ಕಿಬಿದ್ದಿತು. ಆಸ್ಪತ್ರೆಯ ಮೂರು ಮಹಡಿ ಹತ್ತುವಾಗ ಎದುರಾದವರೆಲ್ಲ ಅವನ ಬೂದಿ ಬಣ್ಣದ ಮುಖ ನೋಡಿ ಗೋಡೆಗೆ ಸರಿದರು. ಮುದ್ದುವಿನ ಮುಖದ ಮೇಲೆ ಬಿಳಿ ಬಟ್ಟೆ ಎಳೆದಾಗಿತ್ತು.

"ನಾನು ನಗಬಾರದಿತ್ತು ಸಿಸ್ಟರ್," ಎಂದು ಅವನು ಮಂಚದ ಕಬ್ಬಿಣ ಹಿಡಿದು ಅತ್ತ. "ಆ ಹುಡುಗಿ ಕ್ಯಾಮರಾ ಆಫ್ ಮಾಡ್ಲಿಕ್ಕೆ ಮರೆತಳು. ಅದೊಂದು ಮರೆಯದಿದ್ರೆ ಇವಳು ಉಳೀತಿದ್ಳು."

"ಮರೆತದ್ದಲ್ಲ ಅಂಕಲ್," ಎಂದಳು ಡುಲ್ಸಿನ್. "ನಿಮಗೆ ಮಾಡುವ ಮೊದಲು ಆಂಟಿ ಅವಳಿಗೇ ಫೋನ್ ಮಾಡಿಸಿದ್ರು. ನಿಮ್ಮ ಪಾರ್ಟು ಹೆಣದ್ದು ಅಂತ ಗೊತ್ತಾದ ಕೂಡಲೇ 'ಅವರು ನಕ್ಕರಾ?' ಕೇಳಿದ್ರು. ಇಲ್ಲ ಅಂದದ್ದಕ್ಕೆ, 'ಕ್ಯಾಮರಾ ಆಫ್ ಮಾಡಬೇಡ ಮಗಾ, ಈಗ ನಾನು ನಗಿಸ್ತೇನೆ' ಅಂದ್ರು."