ಕುದುರೆ ಹಿಂದಕ್ಕೆ

ತೀರ್ಪುಗಾರ ಲಕೋಟೆ ಹರಿದ. ಒಳಗಿನ ಚೀಟಿ ಓದಿ, ಬಿಳಿಯ ಆನೆಯನ್ನೆತ್ತಿ ಎದುರಾಳಿಯ ಕೋಟೆಯ ಬಾಯಿಗೇ ಇಟ್ಟ.

ಮುಂದಿನ ಸಾಲಿನಲ್ಲಿ ಕೂತಿದ್ದ ಗೂಳಪ್ಪ ಕುರ್ಚಿಯಿಂದ ಅರ್ಧ ಎದ್ದ. ಆನೆ ಯಾಕೆ? ಕುದುರೆಯಲ್ಲವೇ ಹಿಂದಕ್ಕೆ ಬರಬೇಕಾದದ್ದು?

ಅದು ಎಂಬತ್ಮೂರರ ಡಿಸೆಂಬರು. ಪುಣೆಯ ಆ ಸಭಾಂಗಣದಲ್ಲಿ ಏಳು ದೇಶದ ಚದುರಂಗದ ಗ್ರ್ಯಾಂಡ್‌ಮಾಸ್ಟರುಗಳು ಸೇರಿದ್ದರು. ಅವರ ನಡುವೆ ನಮ್ಮವನೆಂದರೆ ಅಂಬಾರಾಯನೊಬ್ಬನೇ. ಆಳಂದದ ಕಡೆಯವನು, ಪುಣೆಯ ಕ್ಯಾಂಪ್ ಬಡಾವಣೆಯ ಕಚೇರಿಯೊಂದರಲ್ಲಿ ಗುಮಾಸ್ತ. ಕೊನೆಯ ಆಟ ಯುಗೋಸ್ಲಾವಿಯಾದ ವುಕೋತಿಚನ ಮೇಲೆ. ಗೆದ್ದರೆ ಪಂದ್ಯಾವಳಿಯೇ ಅಂಬಾರಾಯನದು. ಡ್ರಾ ಆದರೂ ಅದು ವುಕೋತಿಚನ ಪಾಲು.

ಆಟ ಹಿಂದಿನ ಸಂಜೆ ಮುಗಿಯದೆ ನಿಂತಿತ್ತು. ಹಾಗೆ ನಿಂತಾಗ, ಸರದಿ ಯಾರದೋ ಅವನು ಮುಂದಿನ ನಡೆಯನ್ನು ಗುಟ್ಟಾಗಿ ಬರೆದು, ಲಕೋಟೆ ಅಂಟಿಸಿ ತೀರ್ಪುಗಾರನಿಗೆ ಕೊಡಬೇಕು. ಮರುದಿನ ಅದನ್ನು ತೆರೆಯುವ ತನಕ ಎದುರಾಳಿ ತಲೆ ಕೆರೆದುಕೊಳ್ಳಬೇಕು. ಅಂಬಾರಾಯ ಬರೆದು ಕೊಟ್ಟ. ವುಕೋತಿಚ್ ಕಾಯಿಗಳಿದ್ದ ಸ್ಥಿತಿಯನ್ನು ತನ್ನ ಜೇಬಿನ ಆಯಸ್ಕಾಂತದ ಪುಟ್ಟ ಮಣೆಯ ಮೇಲೆ ಜೋಡಿಸಿಕೊಂಡು ಸ್ಟೇಷನ್ ಹತ್ತಿರದ ಹೋಟೆಲಿಗೆ ಹೋದ.

ಮೆಟ್ಟಿಲ ಮೇಲೆ ಗೂಳಪ್ಪ ಚಹಾದ ಥರ್ಮಾಸು ಹಿಡಿದು ಕಾದಿದ್ದ. ಬಾಲ್ಯದ ಗೆಳೆಯ, ಈಗ ಅಂಬಾರಾಯನ ಸಹಾಯಕ. ನಿಂತ ಆಟಗಳನ್ನು ಮನೆಯಲ್ಲಿ ಕೂತು ಬಿಡಿಸುವ ಕೆಲಸ ಅವನದು. ಊರಿನ ಗುಡಿಕಟ್ಟೆಯ ಮೇಲೆ ಆಡುತ್ತಿದ್ದ ಕಾಲಕ್ಕೆ ಅಂಬಾರಾಯ ಅವನನ್ನು ಒಮ್ಮೆಯೂ ಸೋಲಿಸಿದವನಲ್ಲ. ಈಗ ಹೆಸರು ಇವನಿಗೆ, ಥರ್ಮಾಸು ಅವನಿಗೆ. ಯಾರಾದರೂ ಈ ಮಾತೆತ್ತಿದರೆ ಗೂಳಪ್ಪ ನಕ್ಕು ಚಹಾ ಬಗ್ಗಿಸುತ್ತಿದ್ದ.

ಪಂದ್ಯಾವಳಿಗೆ ಮುಂಚೆ ಇಬ್ಬರೂ ಜೇಜುರಿಗೆ ಹೋಗಿ ಖಂಡೋಬನ ಭಂಡಾರ ತಂದಿದ್ದರು. ದೇವರ ಆ ಅರಿಸಿನವನ್ನು ಕೈಯಲ್ಲಿ ಹಿಡಿದು ಆಡಿದ ಮಾತು ಆಣೆಯಿದ್ದಂತೆ. ತಪ್ಪುವ ಧೈರ್ಯ ಯಾರಿಗೂ ಇಲ್ಲ. ಲಕೋಟೆ ಕೊಟ್ಟು ಬಂದಾಗಲೆಲ್ಲ ಇಬ್ಬರೂ ಒಂದೊಂದು ಚಿಟಿಕೆ ಹಿಡಿಯುತ್ತಿದ್ದರು. ಒಬ್ಬ ನಿಜ ಹೇಳಬೇಕು, ಇನ್ನೊಬ್ಬ ಗುಟ್ಟು ಕಾಯಬೇಕು.

ಮೊನ್ನೆ ನಿಂತ ಆಟವೊಂದರಲ್ಲಿ ಈ ಆಣೆಯೂ ಕೈಹಿಡಿದಿರಲಿಲ್ಲ. ಎದುರಾಳಿ ವುಕೋತಿಚನ ಗೆಳೆಯ. ಉತ್ತರವನ್ನು ಬುತ್ತಿಯಂತೆ ಕಟ್ಟಿಕೊಂಡು ಬಂದವನ ಹಾಗೆ ಪಟಪಟನೆ ಆಡಿ ಗೆದ್ದಿದ್ದ. ದೊಡ್ಡ ಆಟಗಾರರೆಂದರೆ ಹಾಗೇ ಎಂದು ಗೂಳಪ್ಪನೇ ಸಮಾಧಾನ ಹೇಳಿದ್ದ. ಅಂದಿನಿಂದ ಅಂಬಾರಾಯನ ಮಾತು ಕಡಿಮೆಯಾಗಿತ್ತು.

ವುಕೋತಿಚನ ಆಟ ನಿಂತ ಆ ಸಂಜೆ ಮೆಟ್ಟಿಲ ಮೇಲೆ ಅಂಬಾರಾಯ ಚೀಲ ಬಗ್ಗಿಸಿ ಗೂಳಪ್ಪನ ಅಂಗೈಗೆ ಭಂಡಾರ ಸುರಿದ. ಚೀಲದ ದಾರ ಬಿಗಿದ. ಕಿವಿಯ ಹತ್ತಿರ ಬಾಗಿದ.

"ಕುದುರಿ ಹಿಂದಕ್ಕ ತಗೊಂಡೀನಿ. ಯಾರಿಗೂ ಹೇಳಬ್ಯಾಡ."

"ಅದನ್ನ ನನಗ ಹೇಳಬೇಕೇನು?" ಎಂದು ಗೂಳಪ್ಪ ಮುಷ್ಟಿ ಮುಚ್ಚಿದ.

ಪುಣೆಯಂಚಿನ ಕೊಂಢವಾದಲ್ಲಿದ್ದ ಅಂಬಾರಾಯನ ಮನೆಗೆ ಬಂದು ಮಣೆ ಹಾಸಿದರು. ತಲೆನೋವೆಂದು ಅಂಬಾರಾಯ ಗೋಡೆಗೊರಗಿ ಕಣ್ಣು ಮುಚ್ಚಿದ. ಗೂಳಪ್ಪ ಒಬ್ಬನೇ ಕುದುರೆಯ ದಾರಿಗಳನ್ನು ಹುಡುಕಿದ. ನಡುವೆ ಎಲೆ ಅಡಿಕೆ ಮುಗಿಯಿತೆಂದು ಸೈಕಲ್ ಹತ್ತಿ ಹೋದವನು, ಪಂಕ್ಚರ್ ಆಯಿತೆಂದು ತಡವಾಗಿ ಬಂದ. ಅಂಬಾರಾಯನ ಹೆಂಡತಿ ಇಂದೂ ಪಲ್ಯವನ್ನು ಮತ್ತೊಮ್ಮೆ ಬಿಸಿ ಮಾಡಿದಳು.

"ಮೊದಲ ಕೈ ತೊಳಕೊಂಡ ಬರ್ರಿ, ಗೂಳಪ್ಪಣ್ಣಾ. ಭಂಡಾರ ಇನ್ನೂ ಹಂಗೇ ಅದ."

ಕೈ ಒರೆಸಲು ವಸ್ತ್ರ ತೆಗೆಯುವಾಗ ಅವನ ಜೇಬಿನಿಂದ ಪಾಸ್‌ಪೋರ್ಟ್ ಅಳತೆಯ ಹೊಸ ಫೋಟೋ ಬಿತ್ತು, ಕೋಟು ತೊಟ್ಟು ತೆಗೆಸಿದ್ದು. ಇಷ್ಟು ಸಣ್ಣ ಫೋಟೋ ನೋಡಿ ಯಾವ ಕನ್ಯೆ ಒಪ್ಪುತ್ತಾಳೆಂದು ಇಂದೂ ಕೀಟಲೆ ಮಾಡಿದಳು. ಗೂಳಪ್ಪ ನಾಚಿ ಅದನ್ನು ಒಳಗಿಟ್ಟುಕೊಂಡ. ಅಂಬಾರಾಯ ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿದ.

ಈಗ ನೋಡಿದರೆ ಲಕೋಟೆಯೊಳಗೆ ಆನೆ.

ಗೂಳಪ್ಪ ಅಂಬಾರಾಯನತ್ತ ದಿಟ್ಟಿಸಿದ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಆ ಊರು ಬಿಟ್ಟು ಈ ಊರಿಗೆ ಬಂದಾಗ ಒಂದೇ ಕಂಬಳಿಯಲ್ಲಿ ಮಲಗಿದವರು. ಅಂಥವನು ತನ್ನ ಕಿವಿಯಲ್ಲಿ ಹಸಿ ಸುಳ್ಳು ಹೇಳಿ, ಇಲ್ಲದ ಕುದುರೆಯ ಹಿಂದೆ ಸಂಜೆಯೆಲ್ಲ ಓಡಾಡಿಸಿದನಲ್ಲ! ಅವಮಾನಕ್ಕೆ ಕಣ್ಣು ತುಂಬಿಬಂತು.

ಮಣೆಯ ಮುಂದೆ ವುಕೋತಿಚನ ಕಿವಿ ಕೆಂಪಗಾಗಿತ್ತು. ಬಹಳ ಹೊತ್ತು ಯೋಚಿಸಿದ. ಒಮ್ಮೆ ತಲೆಯೆತ್ತಿ ಜನರತ್ತ ನೋಡಿದ. ಮತ್ತೆ ಬಗ್ಗಿ ರಾಜನನ್ನು ಸರಿಸಿದ, ಮಂತ್ರಿಯನ್ನು ಕಳೆದುಕೊಂಡ, ಊಟದ ಹೊತ್ತಿಗೆ ಸೋಲೊಪ್ಪಿದ.

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಗೂಳಪ್ಪ ಒಬ್ಬನೇ ಚಪ್ಪಾಳೆ ತಟ್ಟಲಿಲ್ಲ. ಹಾರ ಹಾಕಿಸಿಕೊಂಡು ಪಡಸಾಲೆಗೆ ಬಂದ ಅಂಬಾರಾಯನನ್ನು ಅಡ್ಡಗಟ್ಟಿದ.

"ಭಂಡಾರ ಇಟ್ಟು ಸುಳ್ಳ ಹೇಳಿದೆಲ್ಲೋ, ಅಂಬ್ಯಾ. ನನ್ನ ಮ್ಯಾಲೆ ಅಷ್ಟೂ ನಂಬಿಗಿ ಇಲ್ಲೇನು?"

"ಭಂಡಾರ ಹಿಡದಾಂವ ನೀ," ಎಂದ ಅಂಬಾರಾಯ. ಅವನ ದನಿಯಲ್ಲಿ ಗೆಲುವಿನ ಸುಳಿವೇ ಇರಲಿಲ್ಲ. "ನಾ ಮುಟ್ಟಿದ್ದಿಲ್ಲ."

ಗೂಳಪ್ಪ ಏನೋ ಹೇಳಬೇಕೆನ್ನುವಷ್ಟರಲ್ಲಿ ವುಕೋತಿಚ್ ದಾಪುಗಾಲಿಡುತ್ತ ಬಂದ. ಅಂಬಾರಾಯನ ಕೈ ಕುಲುಕಿದ. ಆಮೇಲೆ ಕೋಟಿನ ಜೇಬಿನಿಂದ ಆ ಪುಟ್ಟ ಮಣೆಯನ್ನು ತೆಗೆದು, ಬಿಡಿಸಿ, ಗೂಳಪ್ಪನ ಎದೆಗೆ ಒತ್ತಿ ಹಿಡಿಸಿ, ಹಿಂದಿರುಗಿ ನೋಡದೆ ಹೊರಟುಹೋದ.

ಇಬ್ಬರೂ ಮಣೆಯತ್ತ ನೋಡಿದರು: ಬಿಳಿಯ ಕುದುರೆ ಹಿಂದಕ್ಕೆ ಬಂದು ನಿಂತಿತ್ತು, ಅದರ ಕತ್ತಿನ ಎರಡೂ ಬದಿಗೆ ಹೆಬ್ಬೆರಳು ತೋರುಬೆರಳುಗಳ ಗುರುತಿನಲ್ಲಿ ಹಳದಿ ಭಂಡಾರ ಮೆತ್ತಿತ್ತು.