ಹೊಸ ಮೀನಿಗೊಂದು ಮೂಲೆ

ಮಾವನವರು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ನಿಂತು, ಭುಜದವರೆಗೆ ಕೈಯನ್ನು ಮೀನಿನ ತೊಟ್ಟಿಗೆ ಇಳಿಸಿ, ಒಂದೊಂದೇ ಕಲ್ಲು ಎತ್ತಿ ಕೊಡುತ್ತಿದ್ದರು. ಕೆಳಗೆ ಅಳಿಯ ಬಕೆಟ್ ಹಿಡಿದು ನಿಂತಿದ್ದ. ತೊಟ್ಟಿಯೇನು ಸಾಮಾನ್ಯದ್ದಲ್ಲ, ಒಬ್ಬರು ಕೈಕಾಲು ಚಾಚಿ ಮಲಗುವ ಮಂಚದಷ್ಟು ಉದ್ದ. ಒಳಗೆ ಆಸ್ಕರ್ ಜಾತಿಯ ಐದು ಮೀನು, ಒಂದೊಂದೂ ಗೇಣಿಗಿಂತ ದೊಡ್ಡದು, ಒಂದೊಂದಕ್ಕೂ ಮೂಗಿನ ತುದಿಯಲ್ಲೇ ಕೋಪ. ಹೊಸದಾಗಿ ತಂದ ಆರನೆಯದನ್ನು ಆ ಐದೂ ಸೇರಿ ಅಟ್ಟಾಡಿಸಿದ್ದವು. ಅದೀಗ ಗಾಳಿಯ ಕೊಳವೆಯ ಹಿಂದೆ ಓರೆಯಾಗಿ ಅಡಗಿತ್ತು.

"ಪಾಪ, ಬಂದು ಮೂರ್ನಾಲ್ಕು ದಿನ ಆಯ್ತು. ಇಷ್ಟು ದೊಡ್ಡ ತೊಟ್ಟೀಲಿ ಇದಕ್ಕೊಂದು ಮೂಲೆ ಬಿಟ್ಟುಕೊಟ್ಟಿಲ್ಲ ನೋಡಿ," ಎಂದರು ಮಾವ.

ಅಳಿಯ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಬಾಡಿಗೆ ಮನೆ ಕೆಡವುತ್ತಾರೆಂದು, ಇನ್ನೊಂದು ಸಿಗುವವರೆಗೆ ಹೆಂಡತಿಯ ತವರಿಗೆ ಬಂದು ಸೇರಿಕೊಂಡು ಅವನಿಗೆ ಎರಡು ತಿಂಗಳಾಗಿತ್ತು. ಈ ಎರಡು ತಿಂಗಳಲ್ಲಿ ನಡುಮನೆಯಲ್ಲಿ ಒಂದು ಸಲವೂ ಕೂತಿರಲಿಲ್ಲ. ಕೂರಬೇಡಿ ಎಂದವರು ಯಾರೂ ಇಲ್ಲ. ಆದರೆ ತೊಟ್ಟಿಯ ಎದುರಿನ ಬೆತ್ತದ ಕುರ್ಚಿ ಮಾವನವರದು. ಸೋಫಾ ಭಾಮೈದನದು, ಅದೂ ತಲೆಯಿಂದ ಕಾಲಿನವರೆಗೆ. ಕಿಟಕಿ ಪಕ್ಕದ ಕುರ್ಚಿ ಹೆಂಡತಿಯದು, ಮದುವೆಗೆ ಮುಂಚಿನಿಂದಲೂ. ಮೂಲೆಯ ಕುರ್ಚಿ ಹಳೆಯ ಪೇಪರುಗಳದು. ಇನ್ನು ಕೆತ್ತನೆಯ ಮರದ ಕುರ್ಚಿ ಮಾವನವರ ಅಕ್ಕನದು; ಆಕೆ ತೀರಿಕೊಂಡು ಯಾವ ಕಾಲವಾಯಿತೋ, ಆದರೂ ಅಳಿಯ ಒಮ್ಮೆ ಅದರ ಮೇಲೆ ಕೈ ಇಟ್ಟಾಗ ಮನೆಯವರೆಲ್ಲ ಒಟ್ಟಿಗೆ ಕೆಮ್ಮಿದ್ದರು. ಹಾಗಾಗಿ ಅವನು ಟೀ ಕುಡಿಯುವುದು ನಿಂತು, ಪೇಪರ್ ಓದುವುದು ನಿಂತು, ಟಿ.ವಿ. ನೋಡುವುದು ಬಾಗಿಲಿಗೆ ಒರಗಿ. ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲೂ ದಿನವಿಡೀ ನಿಂತೇ ಇರಬೇಕು. ಇತ್ತೀಚೆಗೆ ಕನಸಿನಲ್ಲಿ ಬರೀ ಕುರ್ಚಿಗಳು ಬರುತ್ತಿದ್ದವು.

ಎಡಗಡೆಯ ಕಲ್ಲನ್ನು ಬಲಕ್ಕೆ, ಬಲಗಡೆಯದನ್ನು ಹಿಂದಕ್ಕೆ ಇಡುತ್ತ ಮಾವ ವಿವರಿಸಿದರು. ಸರ್ವೆ ಇಲಾಖೆಯಲ್ಲಿ ಜೀವಮಾನವೆಲ್ಲ ಕಂಡವರ ಗಡಿ ಅಳೆದವರು ಅವರು. ದೊಡ್ಡ ಮೀನುಗಳ ಜಗಳವೆಲ್ಲ ಜಾಗದ್ದಂತೆ. ಕಲ್ಲು ಅದಲುಬದಲಾದರೆ ಹಳೆಯವಕ್ಕೂ ತಮ್ಮ ಜಾಗ ಯಾವುದೆಂದು ತಿಳಿಯುವುದಿಲ್ಲ, ಎಲ್ಲವೂ ಅವತ್ತೇ ಬಂದ ಹಾಗೆ. ಆ ಗಲಿಬಿಲಿಯಲ್ಲಿ ಹೊಸದಕ್ಕೂ ಒಂದು ಮೂಲೆ ದಕ್ಕುತ್ತದೆ.

"ಇಷ್ಟು ಸುಲಭಾನಾ ಮಾವ?"

"ಇಷ್ಟೇ. ಯಾರನ್ನೂ ಬೈಯೋದು ಬೇಡ, ಹೊಡೆಯೋದು ಬೇಡ. ಸಾಮಾನು ಸರಿಸಿದರೆ ಸಾಕು."

ಸಂಜೆಯ ಹೊತ್ತಿಗೆ ಹೊಸ ಮೀನು ಚಪ್ಪಟೆ ಕಲ್ಲೊಂದರ ಕೆಳಗೆ ಯಜಮಾನನ ಗತ್ತಿನಲ್ಲಿ ತಂಗಿತ್ತು. ಅಳಿಯನಿಗೆ ಹೊಟ್ಟೆಕಿಚ್ಚಾಯಿತು. ಮೀನಿನ ಮೇಲೆ ಹೊಟ್ಟೆಕಿಚ್ಚುಪಡುವ ಸ್ಥಿತಿಗೆ ಬಂದೆನಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನಡುಮನೆಯನ್ನು ತಲೆಕೆಳಗು ಮಾಡಿದ. ಸೋಫಾವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ. ಬೆತ್ತದ ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ತಂದ. ಪೇಪರುಗಳನ್ನು ನೆಲಕ್ಕಿಳಿಸಿದ. ಸತ್ತವರ ಕ್ಷಮೆ ಕೇಳಿ ಕೆತ್ತನೆಯ ಕುರ್ಚಿಯನ್ನು ಕಿಟಕಿಯ ಬಳಿಗೆ, ಅಲ್ಲಿದ್ದ ಹೆಂಡತಿಯದನ್ನು ಅದರ ಜಾಗಕ್ಕೆ ಒಯ್ದ. ಅಡುಗೆಮನೆಯ ತಂಟೆಗೆ ಮಾತ್ರ ಹೋಗಲಿಲ್ಲ. ಆಮೇಲೆ ಏನೂ ಅರಿಯದವನ ಹಾಗೆ ಬಾಗಿಲಿಗೆ ಒರಗಿ ನಿಂತ.

ಮಾವ ಹೇಳಿದ್ದು ಚಾಚೂ ತಪ್ಪದೆ ನಡೆಯಿತು. ಮಾವ ಕಣ್ಣುಜ್ಜುತ್ತ ಬಂದು ತೊಟ್ಟಿಯೆದುರು ಕೂರಲು ಹೋಗಿ, ಕುರ್ಚಿಯಿಲ್ಲದ್ದು ಗೊತ್ತಾಗಿ, ಅರ್ಧ ಬಗ್ಗಿದವರು ಹಾಗೇ ನೆಟ್ಟಗಾದರು. ಭಾಮೈದ ಸೋಫಾವನ್ನು ಎರಡು ಸುತ್ತು ಹಾಕಿ, ತಲೆ ಯಾವ ಕಡೆ ಇಡುವುದೆಂದು ತಿಳಿಯದೆ ನಿಂತ. ಹೆಂಡತಿ ಕಿಟಕಿಯ ಬಳಿ ಹೋದವಳು ಕೆತ್ತನೆಯ ಕುರ್ಚಿ ಕಂಡು ಗಕ್ಕನೆ ಹಿಂದೆ ಸರಿದಳು. ಯಾರೂ ಬೈಯಲಿಲ್ಲ. ಬಸ್ಸಿಗೆ ಕಾಯುವವರಂತೆ ನಾಲ್ವರೂ ನಿಂತರು. ಯಾರದ್ದೂ ಅಲ್ಲದ ಕುರ್ಚಿಗಳು ಕೈಗೆಟುಕುವಷ್ಟು ಹತ್ತಿರದಲ್ಲಿದ್ದವು. ಅಳಿಯ ಬಾಗಿಲು ಬಿಟ್ಟು ಮುಂದೆ ಬಂದ. ಆದರೆ ಹಿರಿಯರು ನಿಂತಿರುವಾಗ ತಾನು ಕೂರುವುದು ಹೇಗೆ?

ಅಷ್ಟರಲ್ಲಿ ಅತ್ತೆ ಟೀ ಟ್ರೇ ಹಿಡಿದು ಅಡುಗೆಮನೆಯಿಂದ ಬಂದರು. ಹೊಸ್ತಿಲಲ್ಲಿ ನಿಂತು ಖಾಲಿ ಕುರ್ಚಿಗಳನ್ನು ಒಂದೊಂದಾಗಿ ನೋಡಿದರು. ಪಕ್ಕದಲ್ಲೇ ಇದ್ದ ಬೆತ್ತದ ಕುರ್ಚಿಯನ್ನು ಮೊಣಕಾಲಿನಿಂದ ಸ್ವಲ್ಪ ಸರಿಸಿ, ಕೂತರು. ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಲೋಟ ಎತ್ತಿ ಬಾಯಿಗಿಟ್ಟರು. ನಡುಮನೆಯಲ್ಲಿ ಅತ್ತೆ ಕೂತದ್ದನ್ನು ಅಳಿಯ ಇವತ್ತಿನವರೆಗೆ ನೋಡಿರಲಿಲ್ಲ. ಮಗ, ಮಗಳ ಮುಖ ನೋಡಿದರೆ ಅವರೂ ನೋಡಿದ ಹಾಗಿರಲಿಲ್ಲ. ತನ್ನ ಎರಡು ತಿಂಗಳ ಸಂಕಟ ನೆನೆದು ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ನಿಂತಿರೋರು ಯಾರಾದ್ರೂ ಹೋಗಿ ಒಲೆ ಆರಿಸಿ," ಎಂದರು ಅತ್ತೆ.

ಅಳಿಯ ಹೆಜ್ಜೆ ಎತ್ತುವಷ್ಟರಲ್ಲಿ ಮಾವನವರೇ ಅಡುಗೆಮನೆಗೆ ನುಗ್ಗಿದ್ದರು. ಒಳಗೆ ಯಾವುದೋ ಡಬ್ಬಿ ಉರುಳಿತು, ಇನ್ಯಾವುದೋ ಮುಚ್ಚಳ ಬಿತ್ತು. ಆಮೇಲೆ ಅವರ ದನಿ ಕೇಳಿತು:

"ಅಳಿಯಂದ್ರೇ, ಒಲೇನೂ ಎತ್ತಿ ಬೇರೆ ಕಡೆ ಇಟ್ಟಿದ್ದೀರಾ?"