ಟುಮಿ ಪಬ್ಬಿನ ಮೂಲೆಯ ಕುರ್ಚಿ

ಎಲ್ಲರೂ ಒಳಗೆ ಬಂದ ಮೇಲೆ ಬ್ರೀಡಾ ಟುಮಿ ಪಬ್ಬಿನ ಬಾಗಿಲಿಗೆ ಅಗುಳಿ ಹಾಕಿದಳು. ಬಾಯಿಗೆ ಹೊರಟಿದ್ದ ಫಿಂಟನ್‌ನ ಚಮಚ ಅರ್ಧದಾರಿಯಲ್ಲೇ ನಿಂತಿತು.

"ಗಾಳಿ," ಅಂದಳು ಪಬ್ಬಿನ ಒಡತಿ, ಅವನನ್ನೇ ನೋಡುತ್ತ. "ನೀವು ಊಟ ಮಾಡಿ. ಯಾರೂ ಎಬ್ಬಿಸಲ್ಲ."

ಎಬ್ಬಿಸುವ ಮಾತನ್ನು ಅವನೇನೂ ಎತ್ತಿರಲಿಲ್ಲ.

ಗುರುತಿಲ್ಲದವರ ಮನೆಯ ಮಣ್ಣಿನ ಊಟಕ್ಕೆ ಬಂದು ಕೂರುವುದಕ್ಕೂ ಒಂದು ಕ್ರಮವಿದೆ. ಫಿಂಟನ್ ಅದನ್ನು ಎಂದೂ ತಪ್ಪಿಸಿದವನಲ್ಲ. ಮೊದಲು ಇಗರ್ಜಿಗೆ ಹೋಗಬೇಕು. ಮುಂದಿನ ಬೆಂಚಿನಲ್ಲಿ ಕೂತ ಮನೆಯವರ ಕೈ ಹಿಡಿದು ಎರಡು ಸಮಾಧಾನದ ಮಾತು ಆಡಬೇಕು. ವಿಧವೆ ಯಾರು, ಮಗ ಯಾರು, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ಆ ಬೆಂಚಿನಲ್ಲೇ ತಿಳಿದುಹೋಗುತ್ತದೆ. ಆಮೇಲೆ ಊಟವಿಟ್ಟ ಪಬ್ಬಿಗೆ ಬಂದರೆ ಡಬ್ಲಿನ್ನಿನಲ್ಲಿ ಕೇಳುವವರಿಲ್ಲ. ಗಂಡನ ಕಡೆಯವರು ಹೆಂಡತಿಯ ಕಡೆಯವನೆಂದುಕೊಳ್ಳುತ್ತಾರೆ, ಹೆಂಡತಿಯ ಕಡೆಯವರು ಗಂಡನ ಕಡೆಯವನೆಂದು.

ಇವತ್ತು ಬಸ್ಸು ಕೈಕೊಟ್ಟಿತ್ತು. ಅವನು ಇಗರ್ಜಿ ತಲುಪುವಷ್ಟರಲ್ಲಿ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಬೀದಿಯಲ್ಲಿ ಹೊರಟಿದ್ದ ಕಪ್ಪು ಕೋಟುಗಳ ಬೆನ್ನು ಹಿಡಿದು ಬಂದುಬಿಟ್ಟ. "ಪಾಪ, ಕಾರ್ಮಕ್" ಎಂದು ಮುಂದೆ ಯಾರೋ ಅಂದದ್ದು ಕಿವಿಗೆ ಬಿತ್ತು. ಅಷ್ಟೇ ಬಂಡವಾಳ.

ತಿರುಗಿ ಹೋಗಬಹುದಿತ್ತು. ಆದರೆ ಬಾಡಿಗೆಯ ಕೋಣೆಯಲ್ಲಿದ್ದದ್ದು ನೀರು ಕಾಯಿಸುವ ಕೆಟಲ್ಲು ಒಂದೇ. ಹೆಂಡತಿ ಊನಾ ತೀರಿಕೊಂಡ ಮೇಲೆ "ಇನ್ನೊಂಚೂರು ಹಾಕ್ಲಾ?" ಎಂದು ಅವನನ್ನು ಯಾರಾದರೂ ಕೇಳುತ್ತಿದ್ದರೆ ಅದು ಇಂಥ ಊಟಗಳಲ್ಲಿ ಮಾತ್ರ. ಇಲ್ಲಿ ಸಿಕ್ಕಿಬಿದ್ದರೆ ಸಂಜೆಯೊಳಗೆ ಸುದ್ದಿ ಪಬ್ಬಿನಿಂದ ಪಬ್ಬಿಗೆ ಹಬ್ಬುತ್ತದೆ. ಆಮೇಲೆ ಹಾಗೆ ಕೇಳುವವರು ಈ ಊರಿನಲ್ಲಿ ಒಬ್ಬರೂ ಉಳಿಯುವುದಿಲ್ಲ.

ಊಟವೇನೋ ಅವನ ಮನಸ್ಸು ಕೆಡಿಸುವಂತೆಯೇ ಇತ್ತು. ಬೋಗುಣಿಯ ತುಂಬ ಕಾಡಲ್: ಸಣ್ಣ ಉರಿಯಲ್ಲಿ ಬೆಳಗಿನಿಂದ ಬೆಂದ ಸಾಸೇಜು, ಹಂದಿಮಾಂಸ, ನಾಲಿಗೆಯ ಮೇಲೆ ಕರಗುವ ಆಲೂಗಡ್ಡೆ, ಮೇಲೆ ಧಾರಾಳವಾಗಿ ಕಾಳುಮೆಣಸಿನ ಪುಡಿ. ಪಕ್ಕದಲ್ಲಿ ಬಿಸಿ ಆರದ ಸೋಡಾ ಬ್ರೆಡ್ಡು, ಅದರ ಮೇಲೆ ಬೆರಳುದಪ್ಪ ಬೆಣ್ಣೆ. ಸ್ಟೌಟ್ ಬಿಯರಿನ ಗ್ಲಾಸಿನಲ್ಲಿ ಕಂದು ಮೋಡ ನಿಧಾನವಾಗಿ ತಿಳಿಯಾಗಿ ಕಪ್ಪಾಗುತ್ತಿತ್ತು, ಕೆನೆ ಮೇಲಕ್ಕೆ ಏರುತ್ತಿತ್ತು. ಬಂದ ಕೂಡಲೇ ಬ್ರೀಡಾ ತೋಳು ಹಿಡಿದು ಅವನನ್ನು ಒಲೆಯ ಪಕ್ಕದ ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದಳು. ಮಿಕ್ಕವರು ನಿಂತೇ ಇದ್ದರೂ ಆ ಕುರ್ಚಿಯನ್ನು ಮುಟ್ಟಿರಲಿಲ್ಲ.

ಉಣ್ಣುತ್ತ ಉಣ್ಣುತ್ತ ಅವನಿಗೆ ಅಳುಕು ಹತ್ತಿತು. ಒಂದು ಮೇಜಿನವರು ಇನ್ನೊಂದು ಮೇಜಿನ ಕಡೆ ಸುಳಿಯುತ್ತಿರಲಿಲ್ಲ. "ನಾವು ಕ್ರಮ್ಲಿನ್‌ನವರು," ಎಂದು ಒಬ್ಬಳು ಬಿಗುವಾಗಿ ಹೇಳಿದಳು. "ನಾವು ರಿಂಗ್ಸೆಂಡ್ ಕಡೆಯವರು," ಎಂದಳು ಇನ್ನೊಬ್ಬಳು ಅಷ್ಟೇ ಬಿಗುವಾಗಿ. ಅಳುವವರು ಯಾರೂ ಇರಲಿಲ್ಲ. ಕೌಂಟರಿನ ಮೇಲೆ ಸತ್ತವನ ಫೋಟೋ: ಕಪ್ಪು ಟೈ, ಕೈಯಲ್ಲಿ ಫೋರ್ಕು, ಉಬ್ಬಿದ ಕೆನ್ನೆ. ಮುಖ ಎಲ್ಲೋ ಕಂಡಂತಿತ್ತು. ಅವನ ಎಡಬಲದಲ್ಲಿದ್ದವರನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆದಿದ್ದರು.

ಆಸ್ತಿ ಜಗಳ, ಎಂದುಕೊಂಡ ಫಿಂಟನ್. ಫೋಟೋದಲ್ಲೂ ಒಬ್ಬರನ್ನೊಬ್ಬರು ಸೈರಿಸದ ಬಳಗ. ಇಂಥವರ ನಡುವೆ ಒಂದು ಮಾತು ತಪ್ಪಿದರೂ ಮುಗಿಯಿತು.

ಡಿನ್ನಿ ಎಂಬ ದಢೂತಿ ಆಸಾಮಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತ.

"ಯಾವ ಕಡೆಯವರು ನೀವು?"

"ದೂರದವನು."

"ಎಷ್ಟು ದೂರ?"

"ನಿಮಗಿಂತ ಒಂಚೂರು ದೂರ ಅಂತಿಟ್ಕೊಳ್ಳಿ."

ಡಿನ್ನಿ ನಗಲಿಲ್ಲ. "ಹಂಗಾದ್ರೆ ಬಹಳ ದೂರ ಆಯ್ತು, ಯಜಮಾನ್ರೇ."

"ಊಟಕ್ಕೆ ಮಾತ್ರ ಹತ್ರ," ಎಂದಳು ಕ್ರಮ್ಲಿನ್ ಮೇಜಿನ ಹೆಂಗಸು. ಯಾರೋ ಕಿಸಕ್ಕನೆ ನಕ್ಕರು.

ಬ್ರೀಡಾ ಚಮಚದಿಂದ ಗ್ಲಾಸು ತಟ್ಟಿದಳು. "ಕಾರ್ಮಕ್ ಬಗ್ಗೆ ಯಾರಾದ್ರೂ ಒಂದು ಮಾತು ಹೇಳ್ಬೇಕಲ್ಲ." ಅವಳ ಕಣ್ಣು ನೇರ ಮೂಲೆಗೆ ಬಂತು. "ನೀವೇ ಹೇಳಿ."

ಫಿಂಟನ್ ಎದ್ದ. ಇಂಥ ಹೊತ್ತಿಗೆಂದೇ ಅವನ ಹತ್ತಿರ ಒಂದು ಕಥೆ ಇತ್ತು, ಹಿಂದೆ ಯಾವುದೋ ಊಟದಲ್ಲಿ ಯಾರೋ ಮುದುಕ ಹೇಳಿದ್ದನ್ನು ಕದ್ದದ್ದು. ಸತ್ತವನು ಒಳ್ಳೆಯವನೆಂದರೆ ಯಾವ ಮನೆಯವರೂ ಅಲ್ಲಗಳೆಯುವುದಿಲ್ಲ.

"ಸ್ಟೇಷನ್ನಲ್ಲಿ ನಿಂತಿದ್ದೆ. ಜಡಿಮಳೆ. ನನ್ನ ಮೈಮೇಲೆ ಕೋಟಿರಲಿಲ್ಲ. ಕಾರ್ಮಕ್ ತನ್ನ ಕೋಟು ಬಿಚ್ಚಿ ನಂಗೆ ಹೊದಿಸಿದ. 'ವಾಪಸ್ ಕೊಡ್ಬೇಡ. ನಿನ್ನ ಹಾಗೆ ನೆನೀತಾ ನಿಂತೋರಿಗೆ ಕೊಡು' ಅಂದ."

ರಿಂಗ್ಸೆಂಡ್ ಹೆಂಗಸು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡಳು. ಕ್ರಮ್ಲಿನ್ ಮೇಜಿನವರು ಒಬ್ಬೊಬ್ಬರಾಗಿ ಎದ್ದು ನಿಂತರು. ಡಿನ್ನಿ ಹೋಗಿ ಬಾಗಿಲಿಗೆ ಅಡ್ಡ ನಿಂತ. ಬ್ರೀಡಾ ಬಂದು, ಅರ್ಧ ಉಂಡ ಬೋಗುಣಿಯನ್ನು ಅವನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದಳು.

ಮುಗಿಯಿತು. ಫಿಂಟನ್ ಟೋಪಿಗೆ ಕೈಚಾಚಿದ.

"ನಮ್ಮಪ್ಪನ ಮಣ್ಣಿನ ದಿನಾನೂ ಇದೇ ಕಥೆ ಕೇಳಿದ್ದೆ," ಎಂದ ಡಿನ್ನಿ ಬಾಗಿಲಿನಿಂದಲೇ. "ಅದೇ ಸ್ಟೇಷನ್ನು, ಅದೇ ಮಳೆ. ನಮ್ಮಪ್ಪನ ಜನ್ಮದಲ್ಲಿ ಕೋಟೇ ಇರಲಿಲ್ಲ, ಮಾರಾಯ್ರೇ."

"ನಮ್ಮಮ್ಮನ ಮಣ್ಣಿನ ದಿನಾನೂ ಇದೇ ಹೇಳಿದ್ದು," ಎಂದಳು ರಿಂಗ್ಸೆಂಡ್ ಹೆಂಗಸು. ಕರ್ಚೀಫಿನ ಹಿಂದೆ ಅವಳು ತಡೆಹಿಡಿದಿದ್ದದ್ದು ನಗುವೋ ಅಳುವೋ ತಿಳಿಯಲಿಲ್ಲ. "ಅಮ್ಮನ ಕೋಟು ಹೇಳಿದೋನ ಡೊಳ್ಳುಹೊಟ್ಟೆಗೆ ಹೆಂಗೆ ಹಿಡೀತೋ!"

"ಯಾರು ಹೇಳಿದ್ದು?" ಫಿಂಟನ್ ಟೋಪಿ ಹಿಡಿದುಕೊಂಡೇ ಕೇಳಿದ.

ಬ್ರೀಡಾ ಅದೇ ಬೋಗುಣಿಯನ್ನು ಅಂಚಿನವರೆಗೂ ತುಂಬಿಸಿ ತಂದು ಅವನ ಮುಂದಿಟ್ಟಳು.

"ಈ ಕುರ್ಚೀಲಿ ಕೂತು ಕಾರ್ಮಕ್ಕೇ ಹೇಳಿದ್ದು, ಇವತ್ತು ಇಗರ್ಜೀಲಿ ಮನೆಯೋರು ಕೂರೋ ಮುಂದಿನ ಬೆಂಚು ಖಾಲಿ ಇತ್ತು, ಅವನಿಗೆ ಅಂತ ಬಂದೋರು ಅವನು ಗುರುತಿಲ್ಲದೆ ಬಂದು ಉಂಡು ಹೋದ ಮನೆಯೋರಷ್ಟೇ—ಇನ್ನೊಂಚೂರು ಬ್ರೆಡ್ ಹಾಕ್ಲಾ? ಗುರುವಾರ ನೋಲನ್ ಮನೆಯವರ ಊಟ, ಕುರ್ಚಿ ಖಾಲಿ ಬಿಡಬೇಡಿ."